ಡಿಸೆಂಬರ್‌ನಲ್ಲೇ ಶುರುವಾದ ನಮ್ಮ ಫೆಬ್ರವರಿ 14

ಡಿಸೆಂಬರ್ ಮೊದಲ ಭಾನುವಾರ ದೊಡ್ಡಬಳ್ಳಾಪುರದ ಹತ್ತಿರ ಇರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಚಿಕ್ಕಮ್ಮನ ಮಗ ಅರ್ಧ ಎಕರೆ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುತ್ತಾನೆ. ಊಟ ಮುಗಿಸಿ ಹೂ ನೋಡೋಣ ಅಂತ ಒಳಗೆ ಹೋದರೆ ಒಂದು ಹೂವೂ ಇಲ್ಲ. ಸಾಲು ಸಾಲು ಗಿಡಗಳ ತಲೆ ಕತ್ತರಿಸಿ ಹಾಕಿದ್ದ. ನನಗೆ ಹೊಟ್ಟೆ ಚುರ್ ಅಂತು.

"ಯಾಕೋ, ರೋಗ ಏನಾದ್ರೂ ಬಂತಾ?" ಅಂದೆ.

"ಇಲ್ಲ ಅಕ್ಕಾ. ಇದು ಪ್ರೇಮಿಗಳ ದಿನದ ಹೂವು. ಈಗ ಕಟಿಂಗ್ ಮಾಡಿದ್ರೆ ಆವಾಗ ಬರುತ್ತೆ."

ಆಮೇಲೆ ಅಲ್ಲೇ ನಿಂತುಕೊಂಡು ಲೆಕ್ಕ ಹೇಳಿದ. ಹೊರದೇಶಕ್ಕೆ ಹೋಗುವ ಹೂವು ಫೆಬ್ರವರಿ ಮೊದಲ ವಾರದೊಳಗೆ ವಿಮಾನ ಹತ್ತಬೇಕು. ಹಾಗಾದರೆ ಜನವರಿ ಕೊನೆಯ ಹೊತ್ತಿಗೆ ಮೊಗ್ಗು ಕೊಯ್ಲಿಗೆ ಬಂದಿರಬೇಕು. ಕತ್ತರಿಸಿದ ಕಡ್ಡಿಯಿಂದ ಹೊಸ ಚಿಗುರು ಬಂದು ಮೊಗ್ಗು ಬಲಿಯಲು 45ರಿಂದ 50 ದಿನ ಬೇಕು. ಚಳಿ ಜಾಸ್ತಿ ಇದ್ದರೆ ಇನ್ನೂ ಕೆಲವು ದಿನ. ಹಿಂದಕ್ಕೆ ಎಣಿಸುತ್ತಾ ಬಂದರೆ ಡಿಸೆಂಬರ್ ಮೊದಲೆರಡು ವಾರ. ಎಲ್ಲವನ್ನೂ ಒಂದೇ ದಿನ ಕತ್ತರಿಸುವುದಿಲ್ಲ. ಒಂದಿಷ್ಟು ಸಾಲು ಇವತ್ತು, ಒಂದಿಷ್ಟು ನಾಲ್ಕು ದಿನ ಬಿಟ್ಟು. ಮೋಡ ಮುಚ್ಚಿಕೊಂಡರೆ ಡೌನಿ ಅನ್ನುವ ಬೂಜು ರೋಗದ ಭಯ, ಬಿಸಿಲು ಏರಿದರೆ ಹೂವು ಬೇಗ ಬಂದುಬಿಡುವ ಭಯ. ಮೊಗ್ಗು ಕಾಣಿಸಿಕೊಂಡ ಮೇಲೆ ಒಂದೊಂದಕ್ಕೂ ಬಲೆಯ ಕ್ಯಾಪ್ ಹಾಕಬೇಕು. ಕೊಯ್ದ ಮೇಲೆ ಕಡ್ಡಿಯ ಉದ್ದ ನೋಡಿ ಬೇರೆ ಮಾಡಿ, ಇಪ್ಪತ್ತಿಪ್ಪತ್ತರ ಕಟ್ಟು ಕಟ್ಟಿ, ಕೋಲ್ಡ್ ರೂಮಿನಲ್ಲಿ ಇಡಬೇಕು.

"ಹದಿನಾಲ್ಕನೇ ತಾರೀಖು ದಾಟಿದ್ರೆ ಮುಗೀತು ಅಕ್ಕಾ. ಹದಿನೈದಕ್ಕೆ ಅರಳಿದ ಹೂವಿಗೆ ಆ ರೇಟು ಯಾರು ಕೊಡ್ತಾರೆ? ಅದಕ್ಕೇ ಈಗಲೇ ನಿಧಾನಕ್ಕೆ ಮಾಡ್ಕೊಂಡು ಬರೋದು. ಆಮೇಲೆ ಓಡಾಡಿದ್ರೆ ಗಿಡ ಕೇಳಲ್ಲ."

ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನೂ ಅವರನ್ನು ನೋಡಿದೆ. ಇಬ್ಬರ ತಲೆಯಲ್ಲೂ ಹಿಂದಿನ ಫೆಬ್ರವರಿ ಓಡುತ್ತಿತ್ತು.

ಅದನ್ನು ಹೇಳಿಬಿಡುತ್ತೇನೆ. 2025ರ ಫೆಬ್ರವರಿ 14 ಶುಕ್ರವಾರ. ನಾನು ಬ್ಯಾಂಕಿನಿಂದ ಬಿಡುವಾಗಲೇ ಏಳು ಗಂಟೆ. ಅವರು ಪೀಣ್ಯದ ಫ್ಯಾಕ್ಟರಿಯಿಂದ ಸೀದಾ ಬಂದರು. ದಾರಿಯಲ್ಲಿ ಸಿಗ್ನಲ್ ಹತ್ತಿರ ಬಾಡಿದ ಒಂದು ಗುಲಾಬಿಗೆ 80 ರೂಪಾಯಿ ಕೊಟ್ಟು ತಂದಿದ್ದರು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆವು. ಮಧ್ಯಾಹ್ನ ಫೋನ್ ಮಾಡಿ ಹೇಳಿಟ್ಟಿದ್ದ ಹೋಟೆಲಿನಲ್ಲಿ ನಮ್ಮ ಟೇಬಲ್ ಬೇರೆಯವರಿಗೆ ಹೋಗಿತ್ತು. ಒಂದೂವರೆ ಗಂಟೆ ಬಾಗಿಲಲ್ಲಿ ನಿಂತೆವು. ಕೊನೆಗೆ ಆಟೋ ಹಿಡಿದು ವಾಪಸ್ ಬಂದು, ಹನ್ನೊಂದು ಗಂಟೆಗೆ ಮೊಸರನ್ನ ತಿಂದೆವು. ಆಟೋದಲ್ಲಿ ನಾನು ಆಡಬಾರದ ಮಾತು ಆಡಿದೆ. "ವರ್ಷಕ್ಕೆ ಒಂದು ದಿನ, ಅದನ್ನೂ ನೆಟ್ಟಗೆ ಮಾಡೋಕೆ ಬರಲ್ವಾ ನಿಮಗೆ?" ಅಂದೆ. ಅವರು ಏನೂ ಹೇಳಲಿಲ್ಲ. ಆ ಮೌನ ಎರಡು ದಿನ ನಡೆಯಿತು.

ಮದುವೆಯಾಗಿ ಒಂಬತ್ತು ವರ್ಷ. ಪ್ರತಿ ವರ್ಷವೂ ಹೆಚ್ಚು ಕಡಿಮೆ ಇದೇ ಕಥೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಹಾಗೆ. ನಮಗೆ ಈ ದಿನ ಬೇಡ ಅಂತ ಅನ್ನಿಸಿದ್ದಿಲ್ಲ. ಇದು ನಮ್ಮ ಹಬ್ಬ ಅಲ್ಲ ಅಂತ ಹೇಳುವವರು ಇದ್ದಾರೆ, ನಾನು ಜಗಳಕ್ಕೆ ಹೋಗುವುದಿಲ್ಲ. ನಾವಿಬ್ಬರೂ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದ್ದು ಒಂದು ಫೆಬ್ರವರಿ 14ರಂದು. ಆ ದಿನ ನಮಗೆ ಬೇಕು.

2025ರ ಮಾರ್ಚ್‌ನಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೆವು. ಅಡುಗೆಮನೆಯ ಹಳೆ ಡಬ್ಬಿಯೊಂದರಲ್ಲಿ ತಿಂಗಳಿಗೆ ಇಬ್ಬರೂ 250, 250 ರೂಪಾಯಿ ಹಾಕುವುದು ಅಂತ ಶುರು ಮಾಡಿದೆವು. ದುಡ್ಡು ಸೇರುತ್ತಿತ್ತು. ಆದರೆ ಅದರಿಂದ ಏನು ಮಾಡಬೇಕು ಅಂತ ಯೋಚಿಸಿರಲಿಲ್ಲ. ದಾರಿ ತೋರಿಸಿದ್ದು ಆ ತಲೆ ಕತ್ತರಿಸಿದ ಗಿಡಗಳು. ತಾರೀಖು ಗೊತ್ತಿದೆ ಅಂದರೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಹೊರಡುವ ಮುಂಚೆ ತಮ್ಮನಿಗೆ ಹೇಳಿದೆ, "ಎಕ್ಸ್‌ಪೋರ್ಟ್‌ಗೆ ಉದ್ದ ಸಾಲದ್ದು ಉಳಿಯುತ್ತಲ್ಲ, ಅದರಲ್ಲಿ ಒಂದು ಕಟ್ಟು ನನಗೆ ಇಟ್ಟಿರು ಕಣೋ."

"ಈಗಲೇ ಬರ್ಕೊಂಡೆ ಅಕ್ಕಾ" ಅಂದ.

ಆ ರಾತ್ರಿ ಮಗಳು ಮಲಗಿದ ಮೇಲೆ ಕಾಫಿ ಮಾಡಿಕೊಂಡು ಕೂತೆವು. ನಾನು ಒಂದು ಹಾಳೆಯನ್ನು ಎರಡು ಮಾಡಿ ಅವರಿಗೆ ಒಂದು ತುಂಡು ಕೊಟ್ಟೆ. ಆ ದಿನ ಏನು ಬೇಕು ಅಂತ ಮೂರು ಸಾಲು ಬರೆಯಬೇಕು, ಒಬ್ಬರದನ್ನು ಒಬ್ಬರು ಇಣುಕಿ ನೋಡಬಾರದು. ಅವರು ಪೆನ್ನು ಹಿಡಿದು ತುಂಬಾ ಹೊತ್ತು ಕೂತರು.

ನಾನು ಬರೆದದ್ದು: ನನ್ನ ಇಳಕಲ್ ಸೀರೆ ಉಡಬೇಕು. ಇಡೀ ದಿನ ಜೊತೆಗಿರಬೇಕು, ಬರೀ ಊಟದ ಹೊತ್ತಲ್ಲ. ಫೋನ್ ನೋಡಬಾರದು.

ಅವರು ಬರೆದದ್ದು: ಎಲ್ಲೂ ಕ್ಯೂನಲ್ಲಿ ನಿಲ್ಲಬಾರದು. ಎಲ್ಲಾದರೂ ನಡೆಯಬೇಕು. ಮೂರನೆಯ ಸಾಲು ಓದಿ ನಾನು ಸುಮ್ಮನಾದೆ. "ನಿನಗೆ ಏನು ಇಷ್ಟ ಅಂತ ನಾನೇ ಊಹಿಸಬೇಕು ಅನ್ನೋದು ಬೇಡ. ಹೇಳಿಬಿಡು."

ಒಂಬತ್ತು ವರ್ಷ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿ ಪಡೆದರೆ ಅದರಲ್ಲಿ ಏನಿದೆ, ಪ್ರೀತಿ ಇದ್ದರೆ ಅವರಿಗೇ ಗೊತ್ತಾಗಬೇಕು ಅಂತ ನಂಬಿದ್ದೆ. ಅವರು ಪ್ರತಿ ಜನವರಿಯಿಂದಲೇ ಒಳಗೊಳಗೆ ಹೆದರುತ್ತಿದ್ದರಂತೆ. ಈ ಸಲ ಏನು ತಂದರೆ ಇವಳಿಗೆ ಸಮಾಧಾನ ಆಗುತ್ತೆ ಅಂತ ಯೋಚಿಸಿ ಯೋಚಿಸಿ, ಕೊನೆಗೆ ಏನೂ ತೋಚದೆ ಕೊನೆಯ ದಿನದವರೆಗೆ ಮುಂದಕ್ಕೆ ಹಾಕುತ್ತಿದ್ದರಂತೆ. ನಾನು ಅದನ್ನು ಅಸಡ್ಡೆ ಅಂದುಕೊಂಡಿದ್ದೆ. ಅದು ಹೆದರಿಕೆ ಅಂತ ಆ ರಾತ್ರಿ ಗೊತ್ತಾಯಿತು. ಕಾಫಿ ತಣ್ಣಗಾಗಿತ್ತು, ಮತ್ತೆ ಬಿಸಿ ಮಾಡಿದೆ.

ಆಮೇಲೆ ಹೊಸ ವರ್ಷದ ಕ್ಯಾಲೆಂಡರ್ ತೆಗೆದೆವು. 2026ರ ಫೆಬ್ರವರಿ 14 ಎರಡನೇ ಶನಿವಾರ, ನಮ್ಮ ಬ್ಯಾಂಕಿಗೆ ರಜ. ಖುಷಿಯಾಯಿತು. ಕಣ್ಣು ಪಕ್ಕಕ್ಕೆ ಹೋದರೆ ಹದಿನೈದು ಭಾನುವಾರ ಮಹಾಶಿವರಾತ್ರಿ. ಶಿವರಾತ್ರಿಗೆ ತಿಪಟೂರಿನಲ್ಲಿ ಅತ್ತೆಯ ಜೊತೆ ಇರುವುದು ನಮ್ಮ ಮನೆಯ ಪದ್ಧತಿ. ಮಾವ ಹೋಗಿ ಆರು ವರ್ಷ, ಅಲ್ಲಿಂದೀಚೆಗೆ ಒಂದು ವರ್ಷವೂ ತಪ್ಪಿಸಿಲ್ಲ. ಇದು ಫೆಬ್ರವರಿ ಹತ್ತಕ್ಕೆ ಗೊತ್ತಾಗಿದ್ದರೆ ಖಂಡಿತ ಜಗಳ ಆಗುತ್ತಿತ್ತು. ಡಿಸೆಂಬರ್ ಏಳಕ್ಕೆ ಗೊತ್ತಾದ್ದರಿಂದ ಅದು ಒಂದು ಲೆಕ್ಕ ಮಾತ್ರ.

ಮೊದಲು ನನ್ನ ಮನಸ್ಸಿನಲ್ಲಿ ಇದ್ದದ್ದು ಗೋಕರ್ಣ. ಶಿವರಾತ್ರಿಗೆ ಅಲ್ಲಿ ದೊಡ್ಡ ಜಾತ್ರೆ, ಮಹಾಬಲೇಶ್ವರನ ರಥೋತ್ಸವ. ಆ ವಾರ ರೂಮು, ಬಸ್ಸು ಎಲ್ಲ ತುಂಬಿರುತ್ತವೆ. ಕ್ಯೂ ಬೇಡ ಅಂದವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಹೇಗೆ? ಕೈಬಿಟ್ಟೆವು. ತಿಪಟೂರಿಗೆ ಹೇಗೂ ಹೋಗಬೇಕು, ಅಲ್ಲಿಂದ ಒಂದು ದಿನದಲ್ಲಿ ಹೋಗಿ ಬರುವಂಥದ್ದು ಏನಿದೆ ಅಂತ ನೋಡಿದೆವು. ಅರಸೀಕೆರೆ ಹತ್ತಿರವೇ ಇದೆ. ಅಲ್ಲಿಂದ ಜಾವಗಲ್ ಮೇಲೆ ಹೋದರೆ ಹಳೇಬೀಡು. ಶಾಲೆಯಲ್ಲಿದ್ದಾಗ ಟೂರಿನಲ್ಲಿ ಹೋಗಿದ್ದು ಬಿಟ್ಟರೆ ಇಬ್ಬರೂ ಮತ್ತೆ ನೋಡಿರಲಿಲ್ಲ. ಮಗಳು ಅಜ್ಜಿಯ ಹತ್ತಿರ ಖುಷಿಯಾಗಿರುತ್ತಾಳೆ. ಅಷ್ಟೇ, ತೀರ್ಮಾನ ಆಯಿತು.

ಮರುದಿನ ಅತ್ತೆಗೆ ಫೋನ್ ಮಾಡಿದೆ. ಪ್ರೇಮಿಗಳ ದಿನ ಅಂತ ಹೇಳಲು ನಾಚಿಕೆಯಾಗಿ, "ಶನಿವಾರ ನಾವಿಬ್ಬರೂ ಹಳೇಬೀಡಿಗೆ ಹೋಗ್ಬರ್ತೀವಿ ಅತ್ತೆ" ಅಂದೆ.

"ಹೋಗ್ಬನ್ನಿ ಕಣಮ್ಮ. ಮಗು ನನ್ ಹತ್ರ ಇರ್ಲಿ. ದೀಪ ಹಚ್ಚೋ ಹೊತ್ತಿಗೆ ಬಂದ್ರೆ ಸಾಕು" ಅಂದರು. ಸ್ವಲ್ಪ ತಡೆದು, "ನಾನೂ ನಿಮ್ಮ ಮಾವನೂ ಒಂದೇ ಒಂದ್ಸಲ ಹೋಗಿದ್ವಿ. ಮದುವೆ ಆದ ವರ್ಷ. ಜೋರು ಮಳೆ ಬಂದ್ಬಿಡ್ತು. ನಂದಿ ಮಂಟಪದಲ್ಲಿ ಕೂತಿದ್ವಿ, ಮಳೆ ನಿಲ್ಲೋವರ್ಗೂ" ಅಂದರು. ಮಾವನ ವಿಷಯ ಅವರು ಹೀಗೆ ತಾವಾಗಿಯೇ ಎತ್ತಿದ್ದು ನನಗೆ ನೆನಪಿಲ್ಲ.

ರೈಲಿನ ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ಸಿಗುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಕಡಿಮೆ ಮಾಡಿದರು. ಫೆಬ್ರವರಿ 13ರ ಸಂಜೆಯ ರೈಲಿಗೆ ಡಿಸೆಂಬರ್ 15ರ ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತದೆ. ಹದಿನಾರಕ್ಕೆ ವಾಪಸ್ ಬರುವ ಟಿಕೆಟ್‌ಗೆ ಡಿಸೆಂಬರ್ 18. ಎರಡೂ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ರೈಲು ಟಿಕೆಟ್ ಬುಕ್ ಮಾಡುವ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ಬುಕಿಂಗ್ ತೆರೆದ ಕೂಡಲೇ ಟಿಕೆಟ್ ಸಿಗುವುದಿಲ್ಲ, ಅದನ್ನು ನವೆಂಬರ್‌ನಲ್ಲೇ ಮುಗಿಸಿದ್ದೆ. ಎರಡನೇ ಶನಿವಾರ, ಶಿವರಾತ್ರಿ ಎರಡೂ ಸೇರಿದ್ದರಿಂದ ಊರಿಗೆ ಹೋಗುವವರು ಜಾಸ್ತಿ. ಎಂಟೂಕಾಲಿಗೆಲ್ಲ ನಮ್ಮ ಮೂರು ಸೀಟು ಕೈಯಲ್ಲಿತ್ತು. ಆಮೇಲೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ.

ಅವರ ಫ್ಯಾಕ್ಟರಿಯಲ್ಲಿ ಶನಿವಾರವೂ ಕೆಲಸ. ಜನವರಿ ಮೊದಲ ವಾರವೇ ಶನಿವಾರ, ಸೋಮವಾರ ಎರಡು ದಿನದ ರಜ ಬರೆದುಕೊಟ್ಟರು. ಬೇರೆಯವರಿಗಿಂತ ಮೊದಲು ಕೇಳಿದ್ದರಿಂದ ಶಿಫ್ಟ್ ಬದಲಾಯಿಸಿಕೊಳ್ಳುವವರೂ ಸಿಕ್ಕರು. ನನ್ನ ರವಿಕೆ ಬಟ್ಟೆಯನ್ನೂ ಅದೇ ವಾರ ಟೈಲರ್‌ಗೆ ಕೊಟ್ಟೆ. ಫೆಬ್ರವರಿ ಮದುವೆ ಕಾಲ. ಕೊನೆಗೆ ಹೋದರೆ "ಮುಂದಿನ ವಾರ ಬನ್ನಿ ಮೇಡಂ" ಅಂತಲೇ ಹೇಳುತ್ತಾರೆ.

ಇನ್ನೊಂದು ಮಾತನ್ನೂ ಮೊದಲೇ ಆಡಿಕೊಂಡಿದ್ದೆವು. ಯಾರಿಗಾದರೂ ಹುಷಾರು ತಪ್ಪಿದರೆ, ಏನಾದರೂ ಅಡ್ಡ ಬಂದರೆ, ಹಳೇಬೀಡು ಮಾರ್ಚ್‌ನ ಎರಡನೇ ಶನಿವಾರಕ್ಕೆ. ಮುಖ ಊದಿಸಿಕೊಳ್ಳುವುದು ಬೇಡ. ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಹನ್ನೆರಡನೇ ತಾರೀಖು ಗುರುವಾರ ರಾತ್ರಿ ಮಗಳಿಗೆ ಜ್ವರ ಬಂತು. ಹಿಂದಿನ ವರ್ಷಗಳಲ್ಲಾಗಿದ್ದರೆ ನಾನು ಅತ್ತೇಬಿಡುತ್ತಿದ್ದೆ. ಈ ಸಲ ಅವರು ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಾ, "ಮಾರ್ಚ್ ಇದೆಯಲ್ಲ" ಅಂದರು. ನನಗೂ ನಿಜವಾಗಿಯೇ ಸಮಾಧಾನ ಆಯಿತು. ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿದು, "ಅಜ್ಜಿ ಮನೆಗೆ ಯಾವಾಗ?" ಅಂತ ಅವಳೇ ಚಪ್ಪಲಿ ಹಾಕಿಕೊಂಡು ನಿಂತಳು. ಡಾಕ್ಟರ್ ಹೋಗಬಹುದು ಅಂತ ಹೇಳಿದ್ದರು.

ಹೂವು ಗುರುವಾರ ಬೆಳಿಗ್ಗೆಯೇ ಬಂದಿತ್ತು. ತಮ್ಮನ ಗಾಡಿ ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಬಂದಾಗ ಅಲ್ಲೇ ಹೋಗಿ ಇಸಿದುಕೊಂಡೆ. ತಾಜ್‌ಮಹಲ್ ಅನ್ನುವ ತಳಿ, ಕಡುಗೆಂಪು, ಒಂದು ಕಟ್ಟು. ಅವನು ಹೇಳಿದ ಹಾಗೆ ಕೆಳಗಿನ ಎಲೆ ತೆಗೆದು, ಕಡ್ಡಿಯ ತುದಿಯನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ಬಕೆಟ್ಟಿನಲ್ಲಿ ನಿಲ್ಲಿಸಿ ಬಚ್ಚಲ ಮನೆಯ ತಂಪಿನಲ್ಲಿ ಇಟ್ಟೆ. ಶುಕ್ರವಾರ ತುದಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪೇಪರ್ ಸುತ್ತಿ ಯಶವಂತಪುರದಲ್ಲಿ ರೈಲು ಹತ್ತಿದೆವು. ರೈಲಿನಲ್ಲಿ ಎದುರು ಕೂತಿದ್ದ ಅಜ್ಜಿ, "ಶಿವಪೂಜೆಗಾ?" ಅಂತ ಕೇಳಿದರು. ಮಗಳು, "ಇಲ್ಲ, ಅಪ್ಪ ಅಮ್ಮಂಗೆ" ಅಂದಳು.

ಶನಿವಾರ ಬೆಳಿಗ್ಗೆ ಎದ್ದು ಸೀರೆ ಉಟ್ಟೆ. ಅವರು ಒಂದು ಗುಲಾಬಿ ಕತ್ತರಿಸಿ ಕೈಗೆ ಕೊಟ್ಟರು. ಅತ್ತೆ ಅಡುಗೆಮನೆಯಿಂದ ನೋಡಿ ಒಳಗೆ ಹೋದರು. ತಿಪಟೂರಿನಿಂದ ಅರಸೀಕೆರೆಗೆ, ಅಲ್ಲಿಂದ ಹಳೇಬೀಡಿಗೆ ಸರ್ಕಾರಿ ಬಸ್ಸು. ಶಕ್ತಿ ಯೋಜನೆಯಲ್ಲಿ ನನಗೆ ಶೂನ್ಯ ಟಿಕೆಟ್, ಅವರಿಗೆ ಮಾತ್ರ ದುಡ್ಡು. ಅರಸೀಕೆರೆಯಲ್ಲಿ ಇಳಿದು ಈಶ್ವರ ದೇವಸ್ಥಾನ ನೋಡಿದೆವು. 1220ರಲ್ಲಿ ಕಟ್ಟಿದ್ದು, ಮುಂದಿನ ಮಂಟಪ ನಕ್ಷತ್ರದ ಆಕಾರ. ಅಲ್ಲಿ ನಮ್ಮನ್ನು ಬಿಟ್ಟರೆ ಇಬ್ಬರೇ ಇದ್ದರು.

ಹಳೇಬೀಡಿನಲ್ಲಿ ಜನ ಇದ್ದರು. ಬೇಲೂರು, ಸೋಮನಾಥಪುರದ ಜೊತೆ ಇದೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ಮೇಲಾಗಿ ರಜ. ಆದರೆ ನಮಗೆ ಅವಸರ ಇರಲಿಲ್ಲ. ಜನ ದೇವಸ್ಥಾನದ ಒಳಗೆ ಹೋದಾಗ ನಾವು ಹೊರಗೋಡೆ ನೋಡಿದೆವು, ಅವರು ಹೊರಗೆ ಬಂದಾಗ ಒಳಗೆ ಹೋದೆವು. ಬಳಪದ ಕಲ್ಲಿನ ಗೋಡೆ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮೇಲೆ ಹೋದಂತೆ ರಾಮಾಯಣ, ಮಹಾಭಾರತ. ಅವರು ಮೆಷಿನ್ ಶಾಪಿನಲ್ಲಿ ಅಳತೆ ನೋಡುವ ಕೆಲಸದವರು. ಒಳಗಿನ ಕಂಬಗಳ ಸುತ್ತು ಗೆರೆಗಳ ಮೇಲೆ ಕಣ್ಣಿಟ್ಟು ಹತ್ತು ನಿಮಿಷ ನಿಂತರು. "ಲೇತ್ ಮೇಲೆ ತಿರುಗಿಸಿದ ಹಾಗಿದೆ ನೋಡು" ಅಂದರು. ಅವರ ಕೆಲಸದ ಬಗ್ಗೆ ಅವರು ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಇಲ್ಲಿ ಗರ್ಭಗುಡಿ ಎರಡು. ಶಾಲೆಯ ಟೂರಿನಲ್ಲಿ ಮೇಷ್ಟ್ರು ಹೇಳಿದ್ದರೋ ಏನೋ, ನಾನು ಮರೆತಿದ್ದೆ. ಒಂದು ಹೊಯ್ಸಳೇಶ್ವರ, ರಾಜ ವಿಷ್ಣುವರ್ಧನನ ಹೆಸರಲ್ಲಿ. ಇನ್ನೊಂದು ಶಾಂತಲೇಶ್ವರ, ರಾಣಿ ಶಾಂತಲೆಯ ಹೆಸರಲ್ಲಿ. ಎರಡೂ ಅಕ್ಕಪಕ್ಕ, ನಡುವೆ ಓಡಾಡಲು ದಾರಿ. ಎರಡು ಲಿಂಗ, ಎದುರಿಗೆ ಎರಡು ನಂದಿ, ಎರಡು ಮಂಟಪ. ಶುರುವಾದದ್ದು 1121ರಲ್ಲಿ ಅಂತಾರೆ. ಒಬ್ಬರದು ದೊಡ್ಡದು, ಇನ್ನೊಬ್ಬರದು ಅದರ ಮೂಲೆಯಲ್ಲಿ ಅಂತ ಅಲ್ಲ, ಜೋಡಿ. ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ನಡೆದುಕೊಂಡು ಹೋದೆವು. ವಾಪಸ್ ಬಂದೆವು. ಮತ್ತೆ ಹೋದೆವು. ಗುಲಾಬಿಯನ್ನು ಮುಡಿದಿದ್ದೆ, ಅಷ್ಟು ಹೊತ್ತಾದರೂ ಬಾಡಿರಲಿಲ್ಲ.

ಮಧ್ಯಾಹ್ನ ಅತ್ತೆ ಕಟ್ಟಿಕೊಟ್ಟಿದ್ದ ಚಪಾತಿ, ಕಾಯಿ ಚಟ್ನಿ ತಿಂದೆವು. ಒಂದು ಗಂಟೆಗೆ ಒಂದು ಫೋನ್, ಮಗಳು ಚೆನ್ನಾಗಿದ್ದಾಳೆ ಅಂತ. ಮತ್ತೆ ಫೋನ್ ಚೀಲದೊಳಗೆ. ಆಮೇಲೆ ಬಸದಿಹಳ್ಳಿಯ ಕಡೆ ನಡೆದೆವು. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ, ಮುಂದೆ ನಿಂತರೆ ಮುಖ ಕಾಣುತ್ತದೆ. ಒಂದು ಕಂಬದಲ್ಲಿ ಇಬ್ಬರೂ ಕಂಡೆವು, ಕಪ್ಪು ಕಲ್ಲಿನಲ್ಲಿ ಸ್ವಲ್ಪ ಡೊಂಕಾಗಿ. ಅಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆ ಮೌನ ಆಟೋದ ಮೌನದಂಥದ್ದಲ್ಲ.

ಹೊರಡುವ ಮುಂಚೆ ಮತ್ತೆ ದೇವಸ್ಥಾನಕ್ಕೆ ಬಂದು ನಂದಿ ಮಂಟಪದಲ್ಲಿ ಕೂತೆವು. ಅತ್ತೆ ಹೇಳಿದ್ದು ಎರಡರಲ್ಲಿ ಯಾವ ಮಂಟಪ ಅಂತ ಗೊತ್ತಿರಲಿಲ್ಲ. ಅದಕ್ಕೆ ಎರಡರಲ್ಲೂ ಸ್ವಲ್ಪ ಸ್ವಲ್ಪ ಹೊತ್ತು ಕೂತೆವು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಸೂರ್ಯನ ವಿಗ್ರಹ ಇದೆಯಲ್ಲ ನಂದಿ ಹಿಂದೆ, ಅದರ ಹತ್ರ ಕೂತಿದ್ದು ನಾವು. ಇದೆಯಾ ಅದು?"

"ಇದೆ ಅಮ್ಮ" ಅಂದರು ಇವರು. "ಹಂಗೇ ಇದೆ."

ಭಾನುವಾರ ಉಪವಾಸ, ಪೂಜೆ, ಜಾಗರಣೆ. ಉಳಿದ ಗುಲಾಬಿಗಳಲ್ಲಿ ಒಂದನ್ನು ಅತ್ತೆ ಕೇಳಿ ಇಸಿದುಕೊಂಡರು. ಬಿಲ್ವಪತ್ರೆಯ ತಟ್ಟೆಯಲ್ಲಿ ಅದನ್ನು ಹುಡುಕಿದೆ, ಇರಲಿಲ್ಲ. ಮಾವನ ಫೋಟೋದ ಹತ್ತಿರವೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ನೋಡಿದರೆ ಅವರ ಮಂಚದ ಪಕ್ಕ ಒಂದು ಲೋಟದ ನೀರಿನಲ್ಲಿತ್ತು.

ಡಬ್ಬಿಯಲ್ಲಿ ಜನವರಿವರೆಗೆ 5,500 ಸೇರಿತ್ತು. ಟಿಕೆಟ್, ರವಿಕೆ ಹೊಲಿಸಿದ್ದು, ದಾರಿ ಖರ್ಚು ಎಲ್ಲ ಸೇರಿ 3,400 ಆಯಿತು. ಮಿಕ್ಕಿದ್ದನ್ನು ತೆಗೆಯದೆ ಮಾರ್ಚ್‌ನ ಐನೂರನ್ನೂ ಅದರ ಮೇಲೆ ಹಾಕಿದೆವು. 2027ರಲ್ಲಿ ಆ ದಿನ ಭಾನುವಾರ. ಹಾಳೆ ಹರಿದು ಮೂರು ಸಾಲು ಬರೆಯುವುದು ಡಿಸೆಂಬರ್‌ಗೆ. ಅದಕ್ಕೂ ಮುಂಚೆ ದಸರಾ ರಜದಲ್ಲಿ ಅತ್ತೆಯನ್ನು ಹಳೇಬೀಡಿಗೆ ಕರೆದುಕೊಂಡು ಹೋಗಬೇಕು ಅಂತ ರೈಲಿನಲ್ಲೇ ಮಾತಾಡಿಕೊಂಡಿದ್ದೆವು. ಊರು ತಲುಪಿದ ಮೇಲೆ ಫೋನಿನಲ್ಲಿ ಹೇಳಿದರೆ, "ನನಗ್ಯಾಕಮ್ಮ ಈ ವಯಸ್ಸಲ್ಲಿ, ಮಂಡಿ ನೋವು ಬೇರೆ" ಅಂದು ಮಾತು ಮುಗಿಸಿದರು.

ಹೋದ ವಾರ ಅವರೇ ಫೋನ್ ಮಾಡಿದ್ದರು. ಕೊಬ್ಬರಿ ರೇಟು, ನಲ್ಲಿ ನೀರು, ಮಗಳ ಪರೀಕ್ಷೆ ಎಲ್ಲ ಕೇಳಿ ಆದ ಮೇಲೆ, "ಈ ಸಲ ದಸರಾ ರಜ ಯಾವತ್ತಿಂದ ಶುರು ಅಂತ ಮಗು ಸ್ಕೂಲಲ್ಲಿ ಕೇಳಿ ಹೇಳ್ತೀಯಾ?" ಅಂದರು.